ದೊಡ್ಡ ಸಂಪಿಗೆಯ ನೆರಳಿನ ಜನ
ಬಿಳಿಗಿರಿಯ ಸೋಲಿಗರ ಪೋಡುಗಳು: ಬಾಳು ಮತ್ತು ಎಣಿಕೆ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಹೆಸರನ್ನು ಕೇಳದವರು ನಮ್ಮ ತೆಂಗಿನ ಸೀಮೆಯಲ್ಲಿ ವಿರಳ. ಶ್ರೀನಿವಾಸ ದೇವಾಲಯದಿಂದ ಹೆಸರಾದ ಆ ಊರಿನಿಂದ ತಿಪಟೂರು, ಚಿಕ್ಕನಾಯಕನಹಳ್ಳಿಗಳವರೆಗೆ ಎತ್ತ ನೋಡಿದರೂ ತೆಂಗಿನ ತೋಟ, ಮನೆಯ ಅಟ್ಟದ ಮೇಲೆ ಕೊಬ್ಬರಿಯಾಗಲು ಕಾದಿರುವ ಕಾಯಿಯ ರಾಶಿ. ಹೂವಿನ ಹೆಸರನ್ನೇ ಊರಿಗಿಟ್ಟುಕೊಂಡ ನಮ್ಮ ಕಡೆಯವರಿಗೆ ನಾಡಿನ ತೆಂಕಣ ಅಂಚಿನಲ್ಲಿ ಇನ್ನೊಂದು ಸಂಪಿಗೆಯಿದೆಯೆಂಬುದು ಅಷ್ಟಾಗಿ ತಿಳಿದಿಲ್ಲ. ಅದು ಊರಲ್ಲ, ಮರ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ, ಭಾರ್ಗವಿ ಹೊಳೆಯ ದಡದಲ್ಲಿ, ನೂರಾರು ವರ್ಷಗಳಿಂದ ನಿಂತಿರುವ ಆ ವೃಕ್ಷಕ್ಕೆ ದೊಡ್ಡ ಸಂಪಿಗೆಯೆಂದು ಹೆಸರು. ಅದರ ಬುಡದಲ್ಲಿ ಲಿಂಗರೂಪದ ಕಲ್ಲುಗಳಿವೆ. ಅಲ್ಲಿ ಪೂಜೆ ಸಲ್ಲಿಸುವವರು ಸೋಲಿಗರು. ಆ ಮರವೇ ಅವರಿಗೆ ಗುಡಿ, ಕಾಡೇ ಪ್ರಾಕಾರ.

ಈ ಜನರ ಬಾಳು ಹೇಗಿದೆ, ಅವರು ಎಷ್ಟು ಮಂದಿಯಿದ್ದಾರೆ, ನಾಳೆ ಅವರ ಮಕ್ಕಳು ಎಲ್ಲಿರುತ್ತಾರೆ ಎಂಬ ವಿಚಾರವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಭೂಮಂಡಲದ ಇನ್ನೊಂದು ತುದಿಯತ್ತ ಒಮ್ಮೆ ಕಣ್ಣು ಹಾಯಿಸುವುದು ಉಚಿತ.

ಹಿಮದ ನಾಡಿನ ಹಳ್ಳಿಗಳು

ಅಮೆರಿಕದ ವಾಯವ್ಯ ತುದಿಯಲ್ಲಿ ಅಲಾಸ್ಕವೆಂಬ ರಾಜ್ಯವಿದೆ. 1867ರಲ್ಲಿ ರಷ್ಯದಿಂದ ಅಮೆರಿಕವು ಅದನ್ನು ಕೊಂಡುಕೊಂಡಾಗ ಅಲ್ಲಿನ ಮೂಲನಿವಾಸಿಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆ ರಾಜ್ಯದ ಯೂಕಾನ್ ಮತ್ತು ಕಸ್ಕೊಕ್ವಿಮ್ ಎಂಬ ಎರಡು ಮಹಾನದಿಗಳು ಕಡಲು ಸೇರುವ ಜೌಗು ಬಯಲಿನಲ್ಲಿ ಯೂಪಿಕ್ ಜನರು ನೆಲೆಸಿದ್ದಾರೆ. 'ನಿಜವಾದ ಮನುಷ್ಯ' ಎಂಬುದೇ ಯೂಪಿಕ್ ಎಂಬ ಪದದ ಅರ್ಥ. ಅವರ ಹಳ್ಳಿಗಳನ್ನು ಹೊರಜಗತ್ತಿಗೆ ಕೂಡಿಸುವ ರಸ್ತೆಗಳಿಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆಯೇ ಸಂಚಾರ, ತುರ್ತಿಗೆ ಪುಟ್ಟ ವಿಮಾನ. ಸಾಲ್ಮನ್ ಮೀನು, ಸೀಲ್, ಕಾಡುಹಣ್ಣು ಇವು ಆಹಾರ. ಕೆಲವೇ ನೂರು ಜನರ ಹಳ್ಳಿಗಳೇ ಹೆಚ್ಚು. ಊರಿನಲ್ಲಿ ಹಿರಿಯರು ತೀರಿಕೊಂಡರೆ ಅನಂತರ ಹುಟ್ಟಿದ ಕೂಸಿಗೆ ಅವರ ಹೆಸರನ್ನಿಡುತ್ತಾರೆ. ಹೋದವರು ಹೆಸರಿನಲ್ಲಿ ಮರಳಿ ಬಂದರೆಂದು ಭಾವಿಸುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಮನೆಗಳಿಗೆ ಇದು ಅಪರಿಚಿತ ಭಾವನೆಯಲ್ಲ.

ಆ ಹಳ್ಳಿಗಳ ಕಾಲಕೆಳಗಿನ ನೆಲವೇ ಈಗ ಕರಗುತ್ತಿದೆ. ನ್ಯೂಟಾಕ್ ಎಂಬ ಹಳ್ಳಿಯ ನೆಲವನ್ನು ನದಿ ಕೊರೆಯುತ್ತ ಬಂದುದರಿಂದ 2019ರಿಂದ ಅಲ್ಲಿನ ಕುಟುಂಬಗಳು ಮರ್ಟಾರ್ವಿಕ್ ಎಂಬ ಹೊಸ ನೆಲೆಗೆ ಸ್ಥಳಾಂತರಗೊಳ್ಳತೊಡಗಿದವು. 2025ರ ಅಕ್ಟೋಬರ್‌ನಲ್ಲಿ ಬಂದೆರಗಿದ ಚಂಡಮಾರುತವೊಂದರ ಶೇಷವು ಕಿಪ್ನುಕ್ ಮತ್ತು ಕ್ವಿಗಿಲಿಂಗಾಕ್ ಎಂಬ ಹಳ್ಳಿಗಳ ಮನೆಗಳನ್ನು ನೀರಿನಲ್ಲಿ ತೇಲಿಸಿತು. ನೂರಾರು ಮಂದಿಯನ್ನು ವಿಮಾನಗಳಲ್ಲಿ ದೂರದ ನಗರಕ್ಕೆ ಸಾಗಿಸಬೇಕಾಯಿತು. ಒಂದು ಹಳ್ಳಿ ಖಾಲಿಯಾದರೆ ಮನೆಗಳಷ್ಟೇ ಹೋಗುವುದಿಲ್ಲ. ಅಲ್ಲಿ ಮಾತ್ರ ಬಳಕೆಯಲ್ಲಿದ್ದ ಮಾತು, ಹೆಸರು, ನೆನಪುಗಳೂ ಚದರಿಹೋಗುತ್ತವೆ. ನಮ್ಮ ಬಿಳಿಗಿರಿಯ ಕಥೆಯೂ ಇದಕ್ಕೆ ತೀರ ದೂರದ್ದಲ್ಲ.

ಪೋಡಿನ ಬಾಳು

ಸೋಲಿಗರ ವಸತಿಗೆ ಪೋಡು ಎಂದು ಹೆಸರು. ಎರಕನಗದ್ದೆ, ಬಂಗ್ಲೆಪೋಡು, ಕನ್ನೇರಿ ಕಾಲೋನಿ, ಪುರಾಣಿ ಪೋಡು ಮುಂತಾಗಿ ಬಿಳಿಗಿರಿಯ ಕಾಡಿನೊಳಗೂ ಅಂಚಿನಲ್ಲೂ ಸುಮಾರು 60 ಪೋಡುಗಳಿವೆ. ಕೆಲವು ಬಸ್ಸು ನಿಲ್ಲುವ ರಸ್ತೆಯ ಪಕ್ಕದಲ್ಲಿವೆ. ಇನ್ನು ಕೆಲವಕ್ಕೆ ಆನೆ ಓಡಾಡುವ ಹಾದಿಯಲ್ಲೇ ಹೋಗಬೇಕು. ಹಿಂದೆ ಅವರು ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು ರಾಗಿ, ಜೋಳ, ಅವರೆ, ಸಾಸಿವೆಗಳನ್ನು ಬೆಳೆಯುತ್ತಿದ್ದರು. ಕೆಲವು ವರ್ಷಗಳ ನಂತರ ಆ ನೆಲವನ್ನು ಕಾಡಿಗೇ ಬಿಟ್ಟು ಮುಂದಕ್ಕೆ ಸಾಗುತ್ತಿದ್ದರು. ಜೇನು, ನೆಲ್ಲಿ, ಅಂಟುವಾಳ, ಸೀಗೆ, ಕಲ್ಲುಪಾಚಿ, ಮಾಗಳಿ ಬೇರು ಇವುಗಳ ಸಂಗ್ರಹ ಅವರ ಪರಂಪರಾಗತ ಕಾಯಕ. ಹೆಜ್ಜೇನು ಕೀಳುವಾಗ ತಟ್ಟಿಯ ಒಂದು ಭಾಗವನ್ನು ಹುಳುಗಳಿಗೆಂದೇ ಉಳಿಸಿ ಬರುವುದು ವಾಡಿಕೆ. ಪಡೆದುದೆಲ್ಲವೂ ತನ್ನದಲ್ಲವೆಂಬ ಈ ಅರಿವನ್ನು ದಾಸೋಹ ಭಾವವೆಂದು ಕರೆದರೆ ತಪ್ಪಾಗಲಾರದು.

ಅವರಲ್ಲಿ ಕುಲಗಳಿವೆ. ಒಂದೇ ಕುಲದೊಳಗೆ ಮದುವೆಯಿಲ್ಲ. ಒಪ್ಪಿದ ಹುಡುಗ ಹುಡುಗಿ ಕಾಡಿಗೆ ಹೋಗಿ ಕೆಲವು ದಿನ ಕಳೆದು ಮರಳಿ ಬಂದರೆ, ಯಜಮಾನನ ಮುಂದೆ ನ್ಯಾಯ ಸೇರಿ, ಅಲ್ಪ ತಪ್ಪುಕಾಣಿಕೆ ಪಡೆದು, ಊಟ ಹಾಕಿಸಿ ದಂಪತಿಗಳೆಂದು ಒಪ್ಪಿಕೊಳ್ಳುತ್ತಾರೆ. ವರದಕ್ಷಿಣೆಯ ಹೊರೆ ಹೊತ್ತು ಕುಗ್ಗುವ ನಮ್ಮ ಕುಟುಂಬಗಳು ಇದನ್ನು ಕೇಳಿ ನಗುವ ಬದಲು ಯೋಚಿಸುವುದು ಲೇಸು.

ಭಕ್ತಿಯ ವಿಷಯದಲ್ಲಿಯೂ ಅವರು ನಮಗೆ ಹೊರಗಿನವರಲ್ಲ. ಮಲೆಯ ಮಹದೇಶ್ವರರ ಪರಂಪರೆಯಲ್ಲಿ ಬರುವ ಕಾರಯ್ಯನ ಸಂತತಿ ತಾವೆಂದು ಸೋಲಿಗರು ನಂಬುತ್ತಾರೆ. ಕಂಸಾಳೆಯವರು ಹಾಡುವ ಮಹದೇಶ್ವರ ಕಾವ್ಯದ 'ಸಂಕಮ್ಮನ ಸಾಲಿ'ನಲ್ಲಿ ಬರುವ ನೀಲೇಗೌಡ ಸೋಲಿಗನೇ. ಬಿಳಿಗಿರಿರಂಗನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದನೆಂಬ ಐತಿಹ್ಯದಿಂದ ಆ ದೇವರನ್ನು ಅವರು ಭಾವನೆಂದು ಕರೆಯುತ್ತಾರೆ. ದೇವರನ್ನು ಭಾವನೆನ್ನುವ ಸಲಿಗೆ ಎಲ್ಲರಿಗೂ ದಕ್ಕುವಂಥದ್ದಲ್ಲ.

ಲೆಕ್ಕದೊಳಗಿನ ಜನ

2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6,10,95,297. ಅದರಲ್ಲಿ ಪರಿಶಿಷ್ಟ ಪಂಗಡಗಳವರು 42,48,987, ಅಂದರೆ ಶೇಕಡಾ 6.95. ಈ ದೊಡ್ಡ ಸಂಖ್ಯೆಯೊಳಗೆ ಸೋಲಿಗರು 33,871 ಮಂದಿ ಮಾತ್ರ. ರಾಜ್ಯದ 1,800 ಮಂದಿಗೆ ಒಬ್ಬರಂತೆ. ನಮ್ಮ ಕಡೆಯ ಒಂದು ದೊಡ್ಡ ಜಾತ್ರೆಯಲ್ಲಿ ಸೇರುವಷ್ಟೇ ಜನ ಒಂದು ಇಡೀ ಸಮುದಾಯವಾಗಿ ಬಾಳುತ್ತಿದ್ದಾರೆ.

ಎಣಿಕೆಯಲ್ಲಿಯೂ ತೊಡಕುಗಳಿವೆ. ಗಡಿಯಾಚೆ ತಮಿಳುನಾಡಿನ ಈರೋಡು ಜಿಲ್ಲೆಯ ಬೆಟ್ಟಗಳಲ್ಲಿಯೂ ಇದೇ ಜನರಿದ್ದು, ಅಲ್ಲಿನ ಪಟ್ಟಿಯಲ್ಲಿ ಅವರ ಹೆಸರು 'ಶೋಳಗ' ಎಂದಾಗಿದೆ. ಕೊಳ್ಳೇಗಾಲ ಸೀಮೆಯು 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದು ಅನಂತರ ಮೈಸೂರಿಗೆ ಸೇರಿತು. ಗಡಿರೇಖೆ ಬದಲಾಯಿತು, ಆದರೆ ಗಡಿಯ ಎರಡೂ ಕಡೆ ಬಂಧುಗಳೇ ಉಳಿದರು. ಸರ್ಕಾರದ ಎರಡು ಪುಸ್ತಕಗಳಲ್ಲಿ ಎರಡಾಗಿ ಕಾಣುವವರು ಮದುವೆಯ ಚಪ್ಪರದಲ್ಲಿ ಒಂದೇ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಆಧಾರವಾಗಿಟ್ಟುಕೊಂಡು ಜಾತಿಯ ಎಣಿಕೆಯನ್ನೂ ಒಳಗೊಂಡ ಜನಗಣತಿ ನಡೆಸುವುದಾಗಿ ಕೇಂದ್ರ ಸರ್ಕಾರವು 2025ರ ಜೂನ್‌ನಲ್ಲಿ ಪ್ರಕಟಿಸಿತು. ದೊಡ್ಡ ಸಮುದಾಯದಲ್ಲಿ ಹತ್ತು ಮನೆ ಎಣಿಕೆಗೆ ತಪ್ಪಿದರೆ ಲೆಕ್ಕ ಕೆಡುವುದಿಲ್ಲ. ಒಂದು ಪೋಡಿನಲ್ಲಿ ಹತ್ತು ಮನೆ ತಪ್ಪಿದರೆ ಆ ಪೋಡಿನ ಅಂಗನವಾಡಿ, ಶಾಲೆಗಳ ಲೆಕ್ಕವೇ ತಪ್ಪುತ್ತದೆ.

ರಕ್ತದೊಳಗಿನ ಕುಡುಗೋಲು

ಸಣ್ಣ ಸಮುದಾಯಗಳಲ್ಲಿ ಆರೋಗ್ಯದ ಪ್ರಶ್ನೆಯೂ ಎಣಿಕೆಯ ಪ್ರಶ್ನೆಯೇ ಆಗಿರುತ್ತದೆ. ಸೋಲಿಗರಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತಹೀನತೆ ಇದೆ. ಈ ಕಾಯಿಲೆಯಲ್ಲಿ ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅದರಿಂದ ಮೈಕೈಯಲ್ಲಿ ತೀವ್ರ ನೋವು, ನಿಶ್ಶಕ್ತಿ ಉಂಟಾಗುತ್ತವೆ. ತಂದೆ ತಾಯಿ ಇಬ್ಬರಲ್ಲಿಯೂ ಈ ದೋಷದ ಒಂದೊಂದು ಅಂಶವಿದ್ದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಒಬ್ಬರಿಂದ ಮಾತ್ರ ಆ ಅಂಶ ಪಡೆದವರು ಸಾಮಾನ್ಯವಾಗಿ ಆರೋಗ್ಯವಂತರೇ. ಅಷ್ಟೇ ಅಲ್ಲ, ಮಲೇರಿಯದಿಂದ ಅವರಿಗೆ ಸ್ವಲ್ಪ ರಕ್ಷಣೆಯೂ ದೊರೆಯುತ್ತದೆ. ಮಲೇರಿಯದ ಕಾಡುಗಳಲ್ಲಿ ತಲೆಮಾರುಗಳಿಂದ ಬಾಳಿದ ಜನರಲ್ಲಿ ಇದು ಉಳಿದುಬರಲು ಇದೇ ಕಾರಣ.

1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ವೈದ್ಯಸೇವೆ ಆರಂಭಿಸಿದರು. ಅಲ್ಲಿಯೇ ಶಾಲೆಯೂ ಬೆಳೆಯಿತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. ಸೋಲಿಗರೇ ಆದ ಡಾ. ಸಿ. ಮಾದೇಗೌಡರು ಆ ಸಮುದಾಯದಲ್ಲಿ ಮೊದಲಿಗರಾಗಿ ಪಿಎಚ್.ಡಿ. ಪದವಿ ಪಡೆದರು. ಇತರರು ಬರೆದುಕೊಂಡು ಹೋಗುತ್ತಿದ್ದ ತಮ್ಮ ಜನರ ಕಥೆಯನ್ನು ಅವರು ತಾವೇ ಬರೆಯುವಂತಾದರು. ಸಿಕಲ್ ಸೆಲ್ ನಿರ್ಮೂಲನಕ್ಕಾಗಿ ಕೇಂದ್ರ ಸರ್ಕಾರವು 2023ರ ಜುಲೈ 1ರಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಪ್ರಾರಂಭಿಸಿ 2047ರ ಗುರಿಯಿಟ್ಟುಕೊಂಡಿದೆ. ಮದುವೆಗೆ ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಇದರ ಮುಖ್ಯ ಭಾಗ. ಜಾತಕ ನೋಡುವ ಮನೆಗಳೂ ರಕ್ತಸಂಬಂಧದೊಳಗೆ ಮದುವೆ ಮಾಡುವಾಗ ಈ ಎಚ್ಚರ ವಹಿಸಬೇಕಾದುದು ಅಗತ್ಯ.

ಕಾಡು ಯಾರದು?

1974ರಲ್ಲಿ ಬಿಳಿಗಿರಿಯ ಕಾಡು ವನ್ಯಜೀವಿಧಾಮವಾಯಿತು. ಬೇಸಾಯಕ್ಕಾಗಿ ಕಾಡು ಸುಡುವುದು ನಿಂತಿತು. ಒಳಗಾಡಿನಲ್ಲಿದ್ದ ಅನೇಕ ಕುಟುಂಬಗಳನ್ನು ರಸ್ತೆಯಂಚಿನ ಹಾಗೂ ಬೆಟ್ಟದ ತಪ್ಪಲಿನ ಕಾಲೋನಿಗಳಿಗೆ ತಂದು ನೆಲೆಗೊಳಿಸಲಾಯಿತು. ಲ್ಯಾಂಪ್ಸ್ ಎಂಬ ಸಹಕಾರ ಸಂಘಗಳ ಮೂಲಕ ಕಾಡಿನ ಉತ್ಪನ್ನ ಮಾರಿ ಜೀವನ ಸಾಗುತ್ತಿತ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಪರಿಣಾಮವಾಗಿ ಆ ಸಂಗ್ರಹಕ್ಕೂ ತಡೆ ಬಿದ್ದಿತು. ಜೇನು ಕೀಳುತ್ತಿದ್ದ ಕೈಗಳು ಕಾಫಿ ತೋಟಗಳ ಕೂಲಿಗೆ, ದೂರದೂರಿನ ಗಾರೆ ಕೆಲಸಕ್ಕೆ ಹೋಗಬೇಕಾಯಿತು.

ಹಿಂದೆ ಸೋಲಿಗರು ಬೇಸಿಗೆಯ ಮೊದಲಲ್ಲಿ ಒಣ ತರಗೆಲೆಗಳಿಗೆ ಸಣ್ಣ ಬೆಂಕಿ ಹಚ್ಚುತ್ತಿದ್ದರು. ಅದನ್ನು ತರಗು ಬೆಂಕಿಯೆನ್ನುತ್ತಾರೆ. ಆ ಬೆಂಕಿ ನಿಂತ ಮೇಲೆ ಲಂಟಾನದ ಪೊದೆ ಕಾಡನ್ನೆಲ್ಲ ಮುಚ್ಚಿತು, ನೆಲ್ಲಿಮರಗಳಿಗೆ ಬಂದಳಿಕೆ ಹೆಚ್ಚಿತು ಎಂಬುದು ಹಿರಿಯ ಸೋಲಿಗರ ಮಾತು. ಪರಿಸರ ವಿಜ್ಞಾನಿಗಳೂ ಈ ಮಾತನ್ನು ಗಂಭೀರವಾಗಿ ಪರಿಗಣಿಸಿ ಅಧ್ಯಯನ ನಡೆಸಿದ್ದಾರೆ. ಓದುಬರಹ ಕಲಿಯದ ಹಿರಿಯರ ಅನುಭವವು ಶಾಸ್ತ್ರಕ್ಕೆ ಪಾಠ ಹೇಳುವ ಇಂಥ ಸಂದರ್ಭಗಳು ಅಪರೂಪವೇನಲ್ಲ.

2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದಾಗ ಪೋಡುಗಳಲ್ಲಿ ಆತಂಕ ಹರಡಿತು. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಮಹತ್ತ್ವದ ಘಟನೆಯೊಂದು ನಡೆಯಿತು. 2006ರ ಅರಣ್ಯ ಹಕ್ಕು ಕಾಯ್ದೆಯನ್ವಯ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳು ಮಂಜೂರಾದವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ದೊರೆತುದು ದೇಶದಲ್ಲಿಯೇ ಮೊದಲೆಂದು ಹೇಳಲಾಗುತ್ತದೆ. ಇದಕ್ಕೆ ಮೊದಲು ಸೋಲಿಗರು ಸಂಶೋಧಕರ ಜೊತೆಗೂಡಿ ಕಾಡೆಲ್ಲ ನಡೆದು ತಮ್ಮ ಪವಿತ್ರ ಸ್ಥಳಗಳ ನಕ್ಷೆಯನ್ನು ತಯಾರಿಸಿದ್ದರು. ದೇವರು, ಮಾರಮ್ಮ, ವೀರು, ಹಿರಿಯರ ಸಮಾಧಿಯ ಕಲ್ಲುಗುಡಿ, ನೀರಿನ ಅಬ್ಬಿ ಇವು ಸೇರಿ ಒಂದು ಕುಲದ ಎಲ್ಲೆಯಾಗುತ್ತದೆ. ಹೊರಗಿನವರಿಗೆ ಬರಿಯ ಹಸಿರು ಬಣ್ಣವಾಗಿ ಕಾಣುತ್ತಿದ್ದ ನಕ್ಷೆಯ ಮೇಲೆ ನೂರಾರು ಹೆಸರುಗಳು ಮೂಡಿದವು. ಕಾಡು ಖಾಲಿಯಾಗಿರಲಿಲ್ಲ, ಅದನ್ನು ನೋಡುವ ಕಣ್ಣುಗಳು ಖಾಲಿಯಾಗಿದ್ದವು.

ಹಕ್ಕುಪತ್ರ ದೊರೆತರೆ ಎಲ್ಲವೂ ಮುಗಿಯುವುದಿಲ್ಲ. ಪೋಡಿನ ಮಕ್ಕಳು ವಿದ್ಯಾರ್ಥಿನಿಲಯಗಳಲ್ಲಿ ಓದಿ ಮರಳುವಾಗ ಸೋಲಿಗನುಡಿಯ ಎಷ್ಟೋ ಮಾತುಗಳು, ಗಿಡಮರಗಳ ಹೆಸರುಗಳು ಅವರ ನಾಲಗೆಯಿಂದ ಜಾರಿರುತ್ತವೆ. ಓದದೆ ಉಳಿದರೆ ಕೂಲಿಯೇ ಗತಿ, ಓದಿದರೆ ಕಾಡಿನ ಅರಿವು ದೂರ. ಎರಡನ್ನೂ ಒಟ್ಟಿಗೆ ಕೊಡುವ ಶಿಕ್ಷಣವೇ ಅವರ ಇಂದಿನ ಅಗತ್ಯ.

ನಮ್ಮ ಅಟ್ಟದ ಕೆಳಗೆ

ಇಷ್ಟೆಲ್ಲ ಓದಿದ ತೆಂಗಿನ ಸೀಮೆಯ ಗೃಹಸ್ಥರು, 'ಅದು ಕಾಡಿನವರ ಕಥೆ, ನಮಗೇನು?' ಎಂದಾರು. ನಮ್ಮ ಜಿಲ್ಲೆಯ ಲೆಕ್ಕವನ್ನೂ ಒಮ್ಮೆ ನೋಡೋಣ. ತುಮಕೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 25,84,711. 2011ರಲ್ಲಿ 26,78,980. ಹತ್ತು ವರ್ಷಗಳಲ್ಲಿ ಏರಿಕೆ ಶೇಕಡಾ 3.65 ಮಾತ್ರ. ಅದೇ ಅವಧಿಯಲ್ಲಿ ರಾಜ್ಯದ ಏರಿಕೆ ಶೇಕಡಾ 15.6. ಚಿಕ್ಕ ಕುಟುಂಬಗಳು ಇದಕ್ಕೆ ಒಂದು ಕಾರಣವಾದರೆ, ಬೆಂಗಳೂರಿನ ದಾರಿ ಹಿಡಿದ ಮಕ್ಕಳು ಇನ್ನೊಂದು ಕಾರಣ. ಹಟ್ಟಿ ತುಂಬ ಜನವಿದ್ದ ಮನೆಗಳಲ್ಲಿ ಇಂದು ಇಬ್ಬರು ವೃದ್ಧರು, ಅಟ್ಟದ ಮೇಲೆ ಇಳಿಸುವವರಿಲ್ಲದ ಕೊಬ್ಬರಿ, ಹಬ್ಬಕ್ಕೆ ಮಾತ್ರ ತೆರೆಯುವ ಕೋಣೆಗಳು. ಯೂಪಿಕ್ ಹಳ್ಳಿಯನ್ನು ನೀರು ಖಾಲಿ ಮಾಡಿತು, ಪೋಡನ್ನು ಕಾನೂನು ಸರಿಸಿತು. ನಮ್ಮ ಊರುಗಳನ್ನು ನಾವೇ ಮೆಲ್ಲಗೆ ತೊರೆಯುತ್ತಿದ್ದೇವೆ.

ಹೋಗುವುದು ತಪ್ಪಲ್ಲ. ವಿದ್ಯೆ, ಉದ್ಯೋಗಗಳಿಗಾಗಿ ಹೋಗಲೇಬೇಕು. ಆದರೆ ಹೋದವರು ತಮ್ಮ ಕುಲದ ಎಲ್ಲೆಯನ್ನು ಮರೆಯಬಾರದು. ನಮ್ಮ ತೋಟದ ಮರಗಳನ್ನು ನೆಟ್ಟವರಾರು, ಬಾವಿ ತೋಡಿದವರಾರು, ಹಿರಿಯರ ಸಮಾಧಿ ಎಲ್ಲಿದೆ, ಹೊಲಗಳಿಗೆ ಯಾವ ಯಾವ ಹೆಸರು ಎಂಬುದನ್ನು ಈ ವರ್ಷದ ಹಬ್ಬಕ್ಕೆ ಬಂದ ಮೊಮ್ಮಕ್ಕಳ ಕೈಯಲ್ಲಿ ಬರೆಯಿಸಿಟ್ಟರೆ ಅದೊಂದು ಸಣ್ಣ ಕೆಲಸವಾದರೂ ದೊಡ್ಡ ಆಸ್ತಿ. ಸೋಲಿಗರು ಇಡೀ ಕಾಡಿಗೆ ಮಾಡಿದ ಕೆಲಸವನ್ನು ನಾವು ನಾಲ್ಕೆಕರೆಗೆ ಮಾಡಲಾರೆವೇ?

ಮಹದೇಶ್ವರ ಬೆಟ್ಟಕ್ಕೆ ಹರಕೆ ಹೊತ್ತು ಹೋಗುವ ನಮ್ಮ ಕಡೆಯ ಭಕ್ತರು ಬಿಳಿಗಿರಿಯ ದಾರಿಯನ್ನೂ ಒಮ್ಮೆ ಹಿಡಿಯಲಿ. ಅಲ್ಲಿ ಸೋಲಿಗರ ಜೇನನ್ನು ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಲಿ. ಪೋಡಿನ ಹಿರಿಯರನ್ನು ಕಂಡರೆ 'ಅಯ್ಯಾ' ಎಂದು ಕೈಮುಗಿದು ಮಾತನಾಡಿಸಲಿ. ಎಣಿಕೆಯಲ್ಲಿ ಅವರು ಕೆಲವೇ ಸಾವಿರ. ಆದರೆ ದೇವರ ಮುಂದೆ ಮನುಷ್ಯರನ್ನು ಎಣಿಸುವ ಕ್ರಮ ಬೇರೆ.