ಸಿಇಟಿ: 60 ಪ್ರಶ್ನೆ, 70 ನಿಮಿಷ

ನಮ್ಮ ಮದ್ರಸದಲ್ಲಿ ಕಲಿತು ಪಿಯುಸಿ ವಿಜ್ಞಾನಕ್ಕೆ ಹೋದ ಹುಡುಗನೊಬ್ಬ ಸಿಇಟಿ ಬರೆದು ಬಂದು, "ಗೊತ್ತಿದ್ದ 12 ಪ್ರಶ್ನೆ ಹಾಗೇ ಉಳಿದುಹೋಯ್ತು ಉಸ್ತಾದ್" ಎಂದು ಕಣ್ಣೀರು ಹಾಕಿದ. ಆರಂಭದ ಒಂದೇ ಲೆಕ್ಕಕ್ಕೆ ಹತ್ತು ನಿಮಿಷ ಕೊಟ್ಟಿದ್ದನಂತೆ. ಪುತ್ತೂರು, ಸುಳ್ಯ, ಕಡಬದಲ್ಲಿ ಚೆನ್ನಾಗಿ ಓದಿದ ಮಕ್ಕಳೂ ಹೀಗೆ ಸೀಟು ಕಳೆದುಕೊಳ್ಳುವುದನ್ನು ನಾವು ನೋಡುತ್ತಾ ಬಂದಿದ್ದೇವೆ.

ಒಂದು ವಿಷಯಕ್ಕೆ 60 ಪ್ರಶ್ನೆ, ಒಟ್ಟು 80 ನಿಮಿಷ. ಅದರಲ್ಲಿ ಉತ್ತರಿಸಲು ಸಿಗುವುದು 70 ನಿಮಿಷ ಮಾತ್ರ. ಮೊದಲ 40 ನಿಮಿಷ ಓದಿದ ಕೂಡಲೇ ಉತ್ತರ ಹೊಳೆಯುವ ಪ್ರಶ್ನೆಗಳಿಗೆ, ಮತ್ತೆ 20 ನಿಮಿಷ ಬಿಟ್ಟುಬಂದ ಲೆಕ್ಕಗಳಿಗೆ, ಕೊನೆಯ 10 ನಿಮಿಷ ಉಳಿದವಕ್ಕೆ ಇಟ್ಟುಕೊಳ್ಳಲಿ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಮಾತ್ರ ಅಂದಾಜು ಬೇಡ, ಅಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಪ್ರಶ್ನೆ ಬಿಟ್ಟು ಮುಂದೆ ಹೋಗುವಾಗ ಒಎಂಆರ್ ಹಾಳೆಯ ಸಂಖ್ಯೆ ತಪ್ಪದಂತೆ ನೋಡಬೇಕು. ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲಾಗದು.

ಪರೀಕ್ಷಾ ಕೋಣೆಗೆ ವಾಚ್ ಒಯ್ಯುವಂತಿಲ್ಲ. ಆದ್ದರಿಂದ ಸಮಯದ ಅಂದಾಜು ಮನೆಯಲ್ಲೇ ಬರಬೇಕು. ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಮಕ್ಕಳನ್ನು 70 ನಿಮಿಷ ಕೂರಿಸಿ. ಅಷ್ಟು ಹೊತ್ತು ಟಿವಿ ಬಂದ್ ಇರಲಿ, ಅಂಗಡಿಗೆ ಕಳಿಸುವುದೂ ಬೇಡ.

ಬೆಳಗ್ಗಿನ ಪರೀಕ್ಷೆ 11.50ಕ್ಕೆ ಮುಗಿದರೆ ಮಧ್ಯಾಹ್ನದ್ದು 2.30ಕ್ಕೆ. ಊಟಕ್ಕೂ ಲುಹರ್ ನಮಾಝಿಗೂ ಬೇಕಾದಷ್ಟು ಸಮಯವಿದೆ, ಗಡಿಬಿಡಿ ಬೇಡ. ಕಡಬ, ಸುಬ್ರಹ್ಮಣ್ಯ ಕಡೆಯಿಂದ ಬರುವವರು ಕೊನೆಯ ಬಸ್ಸನ್ನು ನಂಬದೆ ಬೇಗನೇ ಹೊರಡಿ. ಮಕ್ಕಳ ಎರಡು ವರ್ಷದ ಓದು ಆ 70 ನಿಮಿಷದಲ್ಲಿ ಪೋಲಾಗದಿರಲಿ.