ದೇಹವಿದ್ಯೆಯೂ ನಮ್ಮ ನಾಲ್ಕು ತಾಲ್ಲೂಕುಗಳೂ

ಕಬ್ಬು ಬೆಳೆಯುವ ನಮ್ಮ ಸೀಮೆಯಲ್ಲಿ ಆಲೆಮನೆಯೆಂದರೆ ಹೊಗೆ, ಬೆಲ್ಲದ ಕಂಪು, ಕೊಪ್ಪರಿಗೆಯ ಸುತ್ತ ಕೈಯೊಡ್ಡಿ ನಿಂತ ಮಕ್ಕಳು, ಇಷ್ಟೇ ನೆನಪಿಗೆ ಬರುತ್ತಿದ್ದ ಕಾಲವೊಂದಿತ್ತು. 2023ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ಆ ನೆನಪಿಗೆ ಮಸಿ ಹತ್ತಿತು. ಬೆಂಗಳೂರಿನ ಬೈಯಪ್ಪನಹಳ್ಳಿ ಠಾಣೆಯವರು ಗರ್ಭಿಣಿಯೊಬ್ಬಳನ್ನು ಕರೆದೊಯ್ಯುತ್ತಿದ್ದ ಮೋಟಾರನ್ನು ತಡೆದು ವಿಚಾರಿಸಲಾಗಿ, ಆ ಜಾಡು ಮಂಡ್ಯದ ಸಮೀಪದ ಆಲೆಮನೆಯೊಂದರ ಬಾಗಿಲಿಗೆ ಬಂದು ನಿಂತಿತು. ಕೈಯಲ್ಲಿ ಹೊತ್ತು ತಿರುಗಬಹುದಾದ ಸ್ಕ್ಯಾನಿಂಗ್ ಯಂತ್ರವೊಂದರಿಂದ ಅಲ್ಲಿ ಗರ್ಭದ ಶಿಶು ಗಂಡೋ ಹೆಣ್ಣೋ ಎಂಬುದನ್ನು ಹೇಳಲಾಗುತ್ತಿತ್ತೆಂದೂ, ಹೆಣ್ಣೆಂದು ತಿಳಿದಲ್ಲಿ ಗರ್ಭವನ್ನು ತೆಗೆಸುವ ಏರ್ಪಾಡೂ ಬೇರೆಡೆ ಇದ್ದಿತೆಂದೂ ಪೊಲೀಸಿನವರು ಪ್ರಕಟಿಸಿದರು. ತನಿಖೆ ಸಿ.ಐ.ಡಿ.ಯವರಿಗೆ ಹೋಯಿತು. ಇದರ ಗದ್ದಲ ಅಡಗುವ ಮೊದಲೇ, 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಅಂಥದೇ ಕೃತ್ಯ ಬಯಲಾಯಿತು. ಈ ಸಲ ಅದು ನಡೆದದ್ದು ಆರೋಗ್ಯ ಇಲಾಖೆಯ ನೌಕರರ ವಸತಿಗೃಹದಲ್ಲಿಯೇ ಎಂಬುದು ಪತ್ರಿಕೆಗಳಲ್ಲಿ ಬಂದಿತು.

ಕಾನೂನು ಇಲ್ಲವೆಂದು ಯಾರೂ ಹೇಳಲಾರರು. ಶಿಶುವಿನ ಲಿಂಗವನ್ನು ಪತ್ತೆಮಾಡಿ ಹೇಳುವುದನ್ನು ನಿಷೇಧಿಸುವ ಕಾಯಿದೆ 1994ರಲ್ಲಿ ಆಯಿತು, 1996ರಿಂದ ಜಾರಿಯಲ್ಲಿದೆ, 2003ರಲ್ಲಿ ಬಿಗಿಯಾಯಿತು. ಹೇಳುವವನಿಗೂ ಕೇಳಿಸುವವನಿಗೂ ಮೂರು ವರ್ಷದವರೆಗೆ ಸೆರೆಮನೆಯುಂಟು. ಗರ್ಭಿಣಿಯ ವಿಷಯದಲ್ಲಿ ಮಾತ್ರ ಕಾಯಿದೆ ಕನಿಕರವನ್ನು ತೋರಿದೆ: ಬೇರೆ ರೀತಿ ರುಜುವಾತಾಗದ ಹೊರತು, ಗಂಡನೋ ನೆಂಟರೋ ಅವಳನ್ನು ಬಲವಂತಪಡಿಸಿದರೆಂದೇ ನ್ಯಾಯಾಲಯವು ಭಾವಿಸತಕ್ಕದ್ದು. ಇಷ್ಟೆಲ್ಲ ಇದ್ದೂ ದಲ್ಲಾಳಿಗೆ ಗಿರಾಕಿಗಳ ಕೊರತೆಯಾಗಲಿಲ್ಲ. ಆ ಗಿರಾಕಿಗಳು ಪರದೇಶದಿಂದ ಬಂದವರಲ್ಲ. ನಮ್ಮ ನಡುವೆ ಅಂಗಡಿ ಇಟ್ಟವರು, ಗದ್ದೆ ಉಳ್ಳವರು, ಗಂಜಾಮಿನ ನಿಮಿಷಾಂಬೆಗೆ ಹರಕೆ ಹೊತ್ತು ಬಂದವರು. ದಲ್ಲಾಳಿಯನ್ನು ಹಿಡಿಯುವುದು ಪೊಲೀಸಿನವರ ಕೆಲಸ. ಅವನ ಬಳಿಗೆ ಹೋಗುವವರ ತಲೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ವಿಚಾರಿಸುವುದು ಶಿಕ್ಷಣದ ಕೆಲಸ. ಈ ಎರಡನೆಯದು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ ಇನ್ನೂ ಸರಿಯಾಗಿ ಮೊದಲಾಗಿಲ್ಲವೆಂಬುದೇ ನಮ್ಮ ಆಕ್ಷೇಪಣೆ.

ಒಂದೇ ಒಂದು ಸಂಗತಿಯನ್ನು ತೆಗೆದುಕೊಳ್ಳೋಣ. ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ತವರಿಗೆ ಅಟ್ಟುವ ಮನೆಗಳು ನಮ್ಮಲ್ಲಿ ಇಂದಿಗೂ ಉಂಟು. ಶಾರೀರಶಾಸ್ತ್ರವು ಹೇಳುವುದೇನು? ತಾಯಿಯ ಅಂಡಾಣುವಿನಲ್ಲಿ ಲಿಂಗಕ್ಕೆ ಸಂಬಂಧಪಟ್ಟ ವರ್ಣತಂತು ಯಾವಾಗಲೂ ಒಂದೇ ಬಗೆಯದು, ಎಕ್ಸ್ ಎಂಬುದು. ತಂದೆಯ ವೀರ್ಯಾಣುಗಳಲ್ಲಿ ಎರಡು ಬಗೆ: ಕೆಲವಕ್ಕೆ ಎಕ್ಸ್, ಕೆಲವಕ್ಕೆ ವೈ. ಎಕ್ಸ್ ಹೊತ್ತ ವೀರ್ಯಾಣು ಕೂಡಿದರೆ ಹೆಣ್ಣು, ವೈ ಹೊತ್ತದ್ದು ಕೂಡಿದರೆ ಗಂಡು. ಯಾವುದು ಮೊದಲು ಸೇರುವುದೆಂಬುದು ಗಂಡನ ಇಚ್ಛೆಗೂ ಹೆಂಡತಿಯ ಇಚ್ಛೆಗೂ ಒಳಪಟ್ಟದ್ದಲ್ಲ; ಆದರೆ ಕಾರಣವನ್ನು ಹುಡುಕಲೇಬೇಕೆಂದರೆ ಅದು ಇರುವುದು ಗಂಡಿನ ಕಡೆಯಲ್ಲಿ. ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಈ ವಿಷಯ ಅಚ್ಚಾಗಿದೆ. ಪರೀಕ್ಷೆಯಲ್ಲಿ ಅಂಕಗಳಿಗಾಗಿ ಇದನ್ನು ಬರೆದ ಯುವಕನೇ ಮದುವೆಯಾದ ಮೇಲೆ ಹೆಂಡತಿಯನ್ನು ಹೆಣ್ಣು ಹೆತ್ತವಳೆಂದು ಹಳಿಯುತ್ತಾನೆ, ಅವನ ತಾಯಿ ತಲೆದೂಗುತ್ತಾಳೆ. ಪಾಠವು ಪರೀಕ್ಷೆಯ ಕೊಠಡಿಯಿಂದ ಮನೆಯ ಜಗಲಿಗೆ ಬರಲಿಲ್ಲವೆಂದರೆ ಅದನ್ನು ಕಲಿಸಿದರೆಂದು ಹೇಗೆ ಹೇಳೋಣ?

ಇನ್ನೊಂದು ಗೊಂದಲವನ್ನು ನಾವು ವಿದ್ಯಾವಂತರಲ್ಲಿಯೇ ಕಂಡಿದ್ದೇವೆ. ಹೆಣ್ಣುಭ್ರೂಣದ ಹತ್ಯೆ ಅಪರಾಧವಾದುದರಿಂದ ಗರ್ಭಪಾತವೆಲ್ಲವೂ ಅಪರಾಧವೆಂದು ಅವರು ತಿಳಿದಿದ್ದಾರೆ. ಹಾಗಲ್ಲ. 1971ರ ಕಾಯಿದೆಯೂ ಅದರ 2021ರ ತಿದ್ದುಪಡಿಯೂ, ಹೇಳಿದ ಕಾರಣಗಳಿಗಾಗಿ, ಅರ್ಹ ವೈದ್ಯರಿಂದ, ಒಪ್ಪಿತವಾದ ಸ್ಥಳದಲ್ಲಿ ಇಪ್ಪತ್ತು ವಾರಗಳವರೆಗೂ, ಕೆಲವರ ವಿಷಯದಲ್ಲಿ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಇಪ್ಪತ್ತನಾಲ್ಕು ವಾರಗಳವರೆಗೂ ಗರ್ಭವನ್ನು ತೆಗೆಯಲು ಅನುಮತಿ ಕೊಟ್ಟಿವೆ. ಹದಿನೆಂಟು ತುಂಬಿದ ಸ್ತ್ರೀಯಾದರೆ ಅವಳೊಬ್ಬಳ ಸಮ್ಮತಿ ಸಾಕು; ಅವಳ ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಇದನ್ನರಿಯದೆ, ಕಷ್ಟಕ್ಕೆ ಸಿಕ್ಕಿದ ಹೆಣ್ಣುಮಗಳು ಸರ್ಕಾರದ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಲು ಅಂಜಿ, ಪರವಾನಗಿಯಿಲ್ಲದವನ ಕೈಗೆ ಪ್ರಾಣವನ್ನೊಪ್ಪಿಸುತ್ತಾಳೆ.

ಇಂಥ ವಿಷಯಗಳನ್ನು ಬಹಿರಂಗವಾಗಿ ಆಡಬಾರದು, ಅದು ನಮ್ಮ ಸಂಪ್ರದಾಯಕ್ಕೆ ವಿರೋಧವೆಂಬ ಮಾತನ್ನು ನಾವು ಬಲ್ಲೆವು. ಆ ಸಂಪ್ರದಾಯವನ್ನೇ ಸ್ವಲ್ಪ ನೋಡೋಣ. ನಮ್ಮ ಹಳ್ಳಿಗಳಲ್ಲಿ ಹುಡುಗಿ ಮೈನೆರೆದಳೆಂದರೆ ಸೋದರಮಾವ ಹಸಿಸೊಪ್ಪಿನ ಗುಡ್ಲು ಹಾಕುತ್ತಾನೆ. ಮುತ್ತೈದೆಯರು ಎಳ್ಳು ಬೆಲ್ಲದ ಚಿಗಳಿ ತಿನ್ನಿಸಿ ಆರತಿ ಎತ್ತುತ್ತಾರೆ. ನೆಂಟರಿಗೆಲ್ಲ ಕರೆ ಹೋಗುತ್ತದೆ. ಊರಿಗೆ ಊರೇ ಅರಿತ ಈ ಸಂಗತಿಯನ್ನು ಅರಿಯದೆ ಉಳಿದವಳು ಒಬ್ಬಳೇ, ಗುಡ್ಲಿನಲ್ಲಿ ಕುಳಿತ ಹುಡುಗಿ. ತನ್ನ ದೇಹದಲ್ಲಿ ಆದದ್ದೇನು, ತಿಂಗಳು ತಿಂಗಳೂ ಅದು ಏಕೆ ಬರುತ್ತದೆ, ಬಟ್ಟೆಯನ್ನು ಹೇಗೆ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು, ಯಾವ ನೋವಿಗೆ ವೈದ್ಯರನ್ನು ಕಾಣಬೇಕು, ಇವನ್ನು ಅವಳಿಗೆ ಹೇಳುವವರಿಲ್ಲ. ಲಜ್ಜೆ ಕಾರಣವಾಗಿದ್ದರೆ ಆರತಿಯೇ ಆಗುತ್ತಿರಲಿಲ್ಲ! ಮದುವೆಗೆ ಸಿದ್ಧಳಾದಳೆಂದು ಸಾರುವುದಕ್ಕೆ ಬಾಯಿ ಬರುತ್ತದೆ, ಅವಳಿಗೇ ನಾಲ್ಕು ಮಾತು ಹೇಳುವುದಕ್ಕೆ ಬಾಯಿ ಕಟ್ಟುತ್ತದೆ. ಹದಿನೆಂಟಕ್ಕೆ ಮೊದಲು ಮದುವೆ ಕೂಡದೆಂದು ಕಾನೂನಿದ್ದರೂ, ಕರ್ನಾಟಕದಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ 21 ಮಂದಿಗೆ ಅದಕ್ಕೂ ಮೊದಲೇ ಮದುವೆಯಾಗಿತ್ತೆಂದು 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ.

ಈ ವಿಷಯದಲ್ಲಿ ಹಿಂದಿನವರು ನಮಗಿಂತ ಧೈರ್ಯವಂತರಾಗಿದ್ದರು. 1930ನೆಯ ಜೂನಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸರ್ಕಾರವು ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಸಲಹೆಯನ್ನು ಕೊಡುವ ಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೊಂದು ತಾನಾಗಿ ಇಂಥ ಕೇಂದ್ರಗಳನ್ನು ತೆರೆದದ್ದು ಜಗತ್ತಿನಲ್ಲಿ ಅದೇ ಮೊದಲೆಂದು ಚರಿತ್ರಕಾರರು ಬರೆದಿದ್ದಾರೆ. ಗಾಂಧೀಜಿಯವರು ಕೃತಕ ಸಾಧನಗಳನ್ನು ಒಪ್ಪಿದವರಲ್ಲ. ಆದರೂ ಅವರು ವಿಷಯವನ್ನು ಮುಚ್ಚಿಡದೆ ತಮ್ಮ ಪತ್ರಿಕೆಗಳಲ್ಲಿಯೇ ಎಲ್ಲರೆದುರು ಚರ್ಚಿಸಿದರು. ಸ್ವಾತಂತ್ರ್ಯ ಬಂದ ಮೇಲೆ, 1952ರ ಸುಮಾರಿನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಮ್ಮ ನೆರೆಯ ರಾಮನಗರದ ಹಳ್ಳಿಗಳಲ್ಲಿ ಋತುಚಕ್ರದ ದಿನಗಳನ್ನು ಎಣಿಸಿ ನಡೆಯುವ ಕ್ರಮವನ್ನು ಪರೀಕ್ಷಿಸಿದರು. ಅಕ್ಷರ ಬಾರದ ತಾಯಂದಿರಿಗಾಗಿ ಬಣ್ಣಬಣ್ಣದ ಮಣಿಗಳ ಸರವನ್ನು ಕೊಟ್ಟರು. ಆ ಕ್ರಮ ಹೆಚ್ಚಾಗಿ ಫಲಿಸಲಿಲ್ಲ. ಫಲಿಸದಿದ್ದರೇನು? ಬಾರದ ಅಕ್ಷರಕ್ಕೆ ಬದಲು ಮಣಿಯಿಂದ ತಿಳಿಸೋಣವೆಂಬ ಯೋಚನೆಯಾದರೂ ಅಂದಿನವರಿಗೆ ಇತ್ತು. ಅದೇ ನಾಡಿನಲ್ಲಿ 2007ರಲ್ಲಿ, ಶಾಲೆಗಳಿಗೆಂದು ಬಂದ ಹದಿಹರೆಯದ ಶಿಕ್ಷಣದ ಕಾರ್ಯಕ್ರಮವನ್ನು ಗದ್ದಲಕ್ಕೆ ಹೆದರಿ ನಿಲ್ಲಿಸಿದರು.

ಇದೆಲ್ಲವೂ ಹೆಂಗಸರ ವಿಷಯವೆಂದು ಗಂಡಸರು ಪಕ್ಕಕ್ಕೆ ಸರಿದು ನಿಂತಿರುವುದೇ ಎಲ್ಲಕ್ಕಿಂತ ದೊಡ್ಡ ತೊಡಕು. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ, ಕರ್ನಾಟಕದ ಮದುವೆಯಾದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣದ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡವರು; ಗಂಡಂದಿರ ಅಂಕಿ ಸೊನ್ನೆಯ ಹತ್ತಿರ ನಿಂತಿದೆ. ಪುರುಷರ ಶಸ್ತ್ರಕ್ರಿಯೆಯೇ ಸುಲಭವಾದದ್ದು. ಹೊಲಿಗೆಯೂ ಬೇಡ, ಅದೇ ದಿನ ಮನೆಗೆ ನಡೆದು ಬರಬಹುದು. ಆದರೆ ಮೈಯ ಕಸುವು ಹೋಗುತ್ತದೆ, ಮೂಟೆ ಹೊರಲಾಗದು ಎಂಬ ಮಿಥ್ಯೆ ಬಲವಾಗಿದೆ. ಕೃಷ್ಣರಾಜಪೇಟೆ, ನಾಗಮಂಗಲಗಳಿಂದ ಎಷ್ಟು ಮಂದಿ ಮುಂಬಯಿಯಲ್ಲಿ ದುಡಿಯುತ್ತಿದ್ದಾರೆಂಬುದು 2020ರ ಕೋವಿಡ್ ಕಾಲದಲ್ಲಿ ಅವರು ಹಿಂದಿರುಗಿದಾಗ ನಾಡಿಗೆಲ್ಲ ತಿಳಿಯಿತು. ವರ್ಷಗಟ್ಟಲೆ ಮನೆ ಬಿಟ್ಟು ದೂರದಲ್ಲಿ ಬಾಳುವವರಿಗೆ ಎಚ್.ಐ.ವಿ. ಮೊದಲಾದ ಸೋಂಕುಗಳು ಹೇಗೆ ಹರಡುತ್ತವೆ, ಹೇಗೆ ಹರಡುವುದಿಲ್ಲ, ರಕ್ತಪರೀಕ್ಷೆ ಎಲ್ಲಿ ಉಚಿತ, ಔಷಧವನ್ನು ಬಿಡದೆ ಸೇವಿಸಿದರೆ ಬಹುಕಾಲ ಬದುಕಬಹುದೆಂಬ ಮಾತು ತಿಳಿದಿರಲೇಬೇಕು. ಹೋದವರೆಲ್ಲ ರೋಗ ತರುವರೆಂದು ನಾವು ಹೇಳುವುದಿಲ್ಲ, ಹಾಗೆನ್ನುವುದು ಅನ್ಯಾಯ. ತಿಳಿಯದೆ ಹೋದರೆ ಹಾನಿಯೆನ್ನುತ್ತೇವೆ, ಅಷ್ಟೆ.

ಸಾಧನಗಳು ಇಲ್ಲವೆನ್ನಲಾಗದು. ಹದಿಹರೆಯದವರಿಗಾಗಿ ಸರ್ಕಾರದ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ಕುಗಳಿವೆ. ಹುಡುಗಿಯರಿಗೆ ಪ್ಯಾಡು ಹಂಚುವ ಶುಚಿ ಯೋಜನೆ ನಡುವೆ ನಿಂತು 2024ರಲ್ಲಿ ಮತ್ತೆ ಮೊದಲಾಯಿತು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ವೈದ್ಯಕೀಯ ಕಾಲೇಜೇ ಇದೆ. ಹಳ್ಳಿಹಳ್ಳಿಗೂ ಆಶಾ ಕಾರ್ಯಕರ್ತೆಯರಿದ್ದಾರೆ. ಆದರೆ ಗರ್ಭಿಣಿಯ ಹೆಸರನ್ನು ಬರೆದುಕೊಂಡು ಹೋಗಲು ಬಂದ ಆ ಹೆಣ್ಣುಮಗಳಿಗೆ ಮನೆಯ ಯಜಮಾನನ ಮುಂದೆ ಕುಳಿತು ಮಾತನಾಡುವ ಅಧಿಕಾರವನ್ನು ಯಾರೂ ಕೊಟ್ಟಿಲ್ಲ. ಆ ಕೆಲಸಕ್ಕೆ ಗಂಡಸು ಆರೋಗ್ಯ ಸಹಾಯಕರೂ ಉಪಾಧ್ಯಾಯರೂ ಬೇಕು.

ಎಲ್ಲಿ ಹೇಳಿಸುವುದೆಂದು ಅಧಿಕಾರಿಗಳು ಕೇಳಬಹುದು. ಸಭಾಭವನ, ಬ್ಯಾನರು, ದೀಪ ಬೆಳಗುವುದು, ಹಾರ ತುರಾಯಿ ಇವು ಬೇಡವೇ ಬೇಡ. ಈ ನಾಲ್ಕು ತಾಲ್ಲೂಕುಗಳ ಊರೂರಿನಲ್ಲಿ ಹಾಲಿನ ಡೈರಿಯುಂಟು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಗಂಡನೂ ಹೆಂಡತಿಯೂ ಅತ್ತೆಯೂ ಕಾಲೇಜಿನ ಹುಡುಗನೂ ಕ್ಯಾನು ಹಿಡಿದು ಅಲ್ಲಿ ಸಾಲುಗಟ್ಟುತ್ತಾರೆ. ತಾಲ್ಲೂಕು ಆರೋಗ್ಯಾಧಿಕಾರಿಗಳೂ ಕ್ಷೇತ್ರಶಿಕ್ಷಣಾಧಿಕಾರಿಗಳೂ ಡೈರಿಯ ಕಾರ್ಯದರ್ಶಿಯೊಡನೆ ಮಾತನಾಡಿ, ತಿಂಗಳಿಗೊಂದು ಸಂಜೆಯನ್ನು ಗೊತ್ತುಮಾಡಿಕೊಂಡು, ಹಾಲು ಅಳೆದಾದ ಮೇಲೆ ಅರ್ಧ ಗಂಟೆ ಜನರನ್ನು ಅಲ್ಲಿಯೇ ನಿಲ್ಲಿಸಿಕೊಳ್ಳಲಿ. ಮೊದಲನೆಯ ಸಂಜೆಗೆ ಎಕ್ಸ್ ವೈ ವರ್ಣತಂತುಗಳ ಆ ಹತ್ತನೆಯ ತರಗತಿಯ ಪಾಠವನ್ನೇ ಇಟ್ಟುಕೊಳ್ಳಬಹುದು. ಗಂಡಸರನ್ನು ಮುಂದಿನ ಸಾಲಿನಲ್ಲಿ ಕೂರಿಸತಕ್ಕದ್ದು.