ಟೇಬಲ್ (ಪದ)

'ಟೇಬಲ್' ಇಂಗ್ಲಿಷ್ ಭಾಷೆಯ ಒಂದು ಸಾಮಾನ್ಯ ಪದ. ನಾಮಪದವಾಗಿ ಇದಕ್ಕೆ ಮೇಜು, ಕೋಷ್ಟಕ, ಪಟ್ಟಿ, ಮಟ್ಟ ಮೊದಲಾದ ಅರ್ಥಗಳಿವೆ. ಕ್ರಿಯಾಪದವಾಗಿ ಬಳಸಿದಾಗ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಪರಸ್ಪರ ವಿರುದ್ಧವಾದ ಅರ್ಥಗಳನ್ನು ಕೊಡುತ್ತದೆ. ಸಂದರ್ಭವನ್ನು ಗಮನಿಸದೆ ಕನ್ನಡಕ್ಕೆ ತಂದರೆ ಇಡೀ ವಾಕ್ಯದ ಅರ್ಥವೇ ತಲೆಕೆಳಗಾಗಬಹುದು.

ಪದದ ಮೂಲ

ಹಲಗೆ ಎಂಬ ಅರ್ಥದ ಲ್ಯಾಟಿನ್ 'ಟ್ಯಾಬುಲಾ' ಇದರ ಮೂಲ. ರೋಮನ್ನರು ಬರೆಯುವ ಹಲಗೆಯನ್ನೂ ಇದೇ ಹೆಸರಿನಿಂದ ಕರೆಯುತ್ತಿದ್ದರು. ಕ್ರಿ.ಪೂ. 451–450ರ ಅವಧಿಯ ರೋಮಿನ ಕಾನೂನುಗಳು 'ಹನ್ನೆರಡು ಫಲಕಗಳು' ಎಂದು ಪ್ರಸಿದ್ಧವಾಗಿವೆ. ಊಟಕ್ಕೆ, ಓದಿಗೆ ಬಳಸುವ ಮೇಜು ಮತ್ತು ಅಂಕಿಅಂಶಗಳನ್ನು ಸಾಲುಸಾಲಾಗಿ ಬರೆದ ಕೋಷ್ಟಕ ಎಂಬ ಎರಡು ಮುಖ್ಯ ಅರ್ಥಗಳೂ ಈ ಹಲಗೆಯಿಂದಲೇ ಕವಲೊಡೆದಿವೆ. 'ಟ್ಯಾಬ್ಲೆಟ್' ಪದವೂ ಇದೇ ಕುಲದ್ದು. ಆದರೆ ಸಂಗೀತವಾದ್ಯವಾದ ತಬಲಾದ ಹೆಸರು ಅರಬ್ಬಿ ಮೂಲದ್ದಾಗಿದ್ದು, ಇದಕ್ಕೆ ಸಂಬಂಧಿಸಿದ್ದಲ್ಲ.

ನಾಮಪದವಾಗಿ

* ಗಣಿತದಲ್ಲಿ: ಗುಣಾಕಾರದ ಟೇಬಲ್ ಎಂದರೆ ಮಗ್ಗಿ.
* ರಸಾಯನಶಾಸ್ತ್ರದಲ್ಲಿ: ಮೆಂಡಲೀವ್ 1869ರಲ್ಲಿ ಪ್ರಕಟಿಸಿದ್ದು ಆವರ್ತ ಕೋಷ್ಟಕ.
* ಭೂವಿಜ್ಞಾನದಲ್ಲಿ: 'ವಾಟರ್ ಟೇಬಲ್' ಎಂದರೆ ಅಂತರ್ಜಲ ಮಟ್ಟ; 'ಟೇಬಲ್‌ಲ್ಯಾಂಡ್' ಎಂದರೆ ಪ್ರಸ್ಥಭೂಮಿ.
* ಪುಸ್ತಕದಲ್ಲಿ: ಪರಿವಿಡಿ. ಶಾಲೆಯಲ್ಲಿ: ವೇಳಾಪಟ್ಟಿ.
* ಇತಿಹಾಸದಲ್ಲಿ: 1930–32ರಲ್ಲಿ ಲಂಡನ್ನಿನಲ್ಲಿ ನಡೆದ ದುಂಡು ಮೇಜಿನ ಪರಿಷತ್ತುಗಳು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ಇವುಗಳಲ್ಲಿ ಪಾಲ್ಗೊಂಡಿದ್ದರು.

ಕ್ರಿಯಾಪದವಾಗಿ

ಬ್ರಿಟಿಷ್ ಬಳಕೆಯಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡುವುದೆಂದರೆ ಅದನ್ನು ಚರ್ಚೆಗೆ ಮಂಡಿಸುವುದು. ಅಮೆರಿಕದಲ್ಲಿ ಚರ್ಚೆಯನ್ನು ಬದಿಗಿಡುವುದು ಎಂದರ್ಥ. ಹಲವು ಬಾರಿ ಆ ಪ್ರಸ್ತಾವ ಅಲ್ಲಿಗೇ ಮುಗಿದಂತೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳ ಸಭೆಯೊಂದರಲ್ಲಿ ಇದರಿಂದ ದೀರ್ಘ ವಾಗ್ವಾದ ನಡೆದುದನ್ನು ವಿನ್‌ಸ್ಟನ್ ಚರ್ಚಿಲ್ ತಮ್ಮ ಯುದ್ಧಚರಿತ್ರೆಯಲ್ಲಿ ದಾಖಲಿಸಿದ್ದಾರೆ. ವಿಷಯವನ್ನು ಬೇಗ ಚರ್ಚಿಸಬೇಕೆಂಬುದೇ ಇಬ್ಬರ ಅಭಿಪ್ರಾಯವೂ ಆಗಿತ್ತು. ಭಿನ್ನವಾಗಿದ್ದುದು ಪದದ ಅರ್ಥ ಮಾತ್ರ.

ಭಾರತದಲ್ಲಿ ಬಳಕೆ

ಭಾರತದ ಸಂಸತ್ತು ಮತ್ತು ಶಾಸನಸಭೆಗಳು ಬ್ರಿಟಿಷ್ ಅರ್ಥವನ್ನೇ ಅನುಸರಿಸುತ್ತವೆ. ಸಂವಿಧಾನದ 151ನೆಯ ವಿಧಿಯಂತೆ ಮಹಾಲೇಖಪಾಲರ ವರದಿಗಳನ್ನು ಕೇಂದ್ರದಲ್ಲಿ ಸಂಸತ್ತಿನ ಮುಂದೆ, ರಾಜ್ಯದಲ್ಲಿ ವಿಧಾನಮಂಡಲದ ಮುಂದೆ ಇಡಿಸಬೇಕು. ಪತ್ರಿಕೆಗಳಲ್ಲಿ ಕಾಣುವ 'ವರದಿ ಮಂಡನೆ' ಎಂಬ ಮಾತಿನ ತಾತ್ಪರ್ಯ ಇದೇ. ಮಂಡನೆಯಾದ ಮಾತ್ರಕ್ಕೆ ಸದನವು ಆ ವರದಿಯನ್ನು ಒಪ್ಪಿತೆಂದು ತಿಳಿಯಬಾರದು; ಅದು ಸದಸ್ಯರ ಪರಿಶೀಲನೆಗೆ ದೊರೆಯಿತೆಂದಷ್ಟೇ ಅರ್ಥ. ಅಮೆರಿಕದ ಸುದ್ದಿಯನ್ನು ಅನುವಾದಿಸುವಾಗ ಮಾತ್ರ 'ಮಂಡಿಸಲಾಯಿತು' ಎಂಬುದರ ಬದಲು 'ಬದಿಗಿಡಲಾಯಿತು' ಅಥವಾ 'ತಡೆಹಿಡಿಯಲಾಯಿತು' ಎಂದು ಬರೆಯುವುದು ಸರಿಯಾದ ಕ್ರಮ.